ದೂರದ ಸರ್ವರ್‌ನಲ್ಲಿ ಯಾವ ವರ್ಷನ್ ಓಡ್ತಿದೆ ಅಂತ ಟರ್ಮಿನಲ್‌ನಿಂದಲೇ ನೋಡೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ವೆಬ್ ಸರ್ವೀಸ್ ಓಡ್ತಿರೋದು ಮುಂಬೈ ರೀಜನ್‌ನಲ್ಲೋ ಸಿಂಗಾಪುರದಲ್ಲೋ, ನಾವು ಕೂತಿರೋದು ಮಾರತ್‌ಹಳ್ಳಿ ಆಫೀಸಲ್ಲೋ ವಿಜಯನಗರದ ಮನೆಯಲ್ಲೋ, ಆದ್ರೆ ಎಲ್ಲಾ ಟೀಮಲ್ಲೂ ಪ್ರಶ್ನೆ ಒಂದೇ, "ಈಗ ಅಲ್ಲಿ ಯಾವ ವರ್ಷನ್ ಇದೆ?" ಇದಕ್ಕೆ ಊಹೆ ಮೇಲೆ ಉತ್ತರ ಕೊಟ್ಟು ರಾತ್ರಿಯೆಲ್ಲಾ ತಪ್ಪು ಜಾಗದಲ್ಲಿ ಬಗ್ ಹುಡುಕೋ ಟೀಮ್‌ಗಳನ್ನ ತುಂಬಾ ನೋಡಿದ್ದೀನಿ, ಅದಕ್ಕೇ ಹೊಸದಾಗಿ ಸೇರಿದ ಹುಡುಗ್ರು ಹುಡುಗೀರು ಕೇಳೋದನ್ನೆಲ್ಲ ಒಂದೇ ಕಡೆ ಬರ್ದಿಟ್ಟಿದ್ದೀನಿ. ಕಮಾಂಡ್‌ಗಳನ್ನ ಫೋನಲ್ಲಿ ಹೇಳ್ಕೊಡೋ ಥರ ಬಿಡಿಸಿ ಬರ್ದಿದ್ದೀನಿ, ಟೈಪ್ ಮಾಡೋವಾಗ ಇಂಗ್ಲಿಷ್ ಅಕ್ಷರದಲ್ಲೇ ಹಾಕಿ, ಕ್ಯಾಪಿಟಲ್ ಸ್ಮಾಲ್ ಅದಲು ಬದಲಾದ್ರೆ ಕಮಾಂಡ್ ಮಾಡೋ ಕೆಲಸಾನೇ ಬೇರೆ ಆಗ್ಬಿಡತ್ತೆ.

ಪ್ರಶ್ನೆ: ಸರ್ವರ್‌ಗೆ ಲಾಗಿನ್ ಇಲ್ಲ, ಬರೀ ಅಡ್ರೆಸ್ ಗೊತ್ತು. ವರ್ಷನ್ ನೋಡಕ್ಕಾಗತ್ತಾ?

ತುಂಬಾ ಸಲ ಆಗತ್ತೆ. ಮೊದ್ಲು ಕರ್ಲ್ ಹಾಕಿ ನೋಡಿ. ಸ್ವೀಡನ್‌ನ ಡೇನಿಯಲ್ ಸ್ಟೆನ್‌ಬರ್ಗ್ 1998ರಲ್ಲಿ ಈ ಹೆಸರಿನಿಂದ ಬಿಟ್ಟ, ವೆಬ್ ಅಡ್ರೆಸ್‌ಗೆ ರಿಕ್ವೆಸ್ಟ್ ಕಳಿಸಿ ಉತ್ತರ ತೋರಿಸೋ ಟೂಲ್ ಇದು, ಇವತ್ತಿಗೆ ಲಿನಕ್ಸ್, ಮ್ಯಾಕ್, ವಿಂಡೋಸ್ ಎಲ್ಲದರಲ್ಲೂ ಸಿಗತ್ತೆ. ಕರ್ಲ್ ಅಂತ ಟೈಪ್ ಮಾಡಿ, ಸ್ಪೇಸ್, ಹೈಫನ್ ಕ್ಯಾಪಿಟಲ್ ಐ, ಸ್ಪೇಸ್, ಆಮೇಲೆ ಎಚ್‌ಟಿಟಿಪಿಎಸ್ ಸೇರಿಸಿ ಪೂರ್ತಿ ಅಡ್ರೆಸ್. ಕ್ಯಾಪಿಟಲ್ ಐ ಹಾಕಿದ್ರೆ ಪೇಜ್ ಇಳಿಯಲ್ಲ, ಹೆಡ್ ಅನ್ನೋ ರಿಕ್ವೆಸ್ಟ್ ಹೋಗಿ ಬರೀ ಹೆಡರ್‌ಗಳು, ಅಂದ್ರೆ ಪೇಜ್‌ಗಿಂತ ಮುಂಚೆ ಸರ್ವರ್ ಕಳಿಸೋ ವಿವರದ ಸಾಲುಗಳು, ವಾಪಸ್ ಬರತ್ತೆ. ಬಂದಿದ್ದು ಈ ಥರ ಇತ್ತು ಅಂದ್ಕೊಳಿ:

ಎಚ್‌ಟಿಟಿಪಿ/1.1 200 ಓಕೆ
ಸರ್ವರ್: ಎಂಜಿನ್‌ಎಕ್ಸ್/1.18.0 (ಉಬುಂಟು)
ಎಕ್ಸ್-ಪವರ್ಡ್-ಬೈ: ಪಿಎಚ್‌ಪಿ/7.4.3

ಈ ಮೂರು ಸಾಲನ್ನ ನಿಧಾನಕ್ಕೆ ಓದಿ, ಎಷ್ಟು ವಿಷಯ ಇದೆ ಅಂತ. ವೆಬ್ ಸರ್ವರ್ ಎಂಜಿನ್‌ಎಕ್ಸ್ 1.18, ಹಿಂದೆ ಪಿಎಚ್‌ಪಿ 7.4.3, ಮತ್ತೆ ಈ ಎರಡು ನಂಬರ್ ಒಟ್ಟಿಗೆ ಬರೋದು ಉಬುಂಟು 20.04ರ ಸ್ವಂತ ಪ್ಯಾಕೇಜ್‌ಗಳಲ್ಲಿ, ಅಂದ್ರೆ ಆಪರೇಟಿಂಗ್ ಸಿಸ್ಟಮ್ ಯಾವ್ದು ಅಂತಾನೂ ಹೆಚ್ಚುಕಮ್ಮಿ ಗೊತ್ತಾಯ್ತು. ಪಿಎಚ್‌ಪಿ 7.4ಕ್ಕೆ ಮೂಲ ಟೀಮ್‌ನ ಸಪೋರ್ಟ್ 2022ರ ನವೆಂಬರ್‌ನಲ್ಲಿ ನಿಂತಿದೆ, ಉಬುಂಟು 20.04ಕ್ಕೆ ಮಾಮೂಲಿ ಸಪೋರ್ಟ್ 2025ರ ಮೇ ತಿಂಗಳಲ್ಲಿ ಮುಗೀತು. ಲಾಗಿನ್ ಇಲ್ದೆ, ಯಾರನ್ನೂ ಕೇಳ್ದೆ, ಅಪ್‌ಗ್ರೇಡ್ ಬಗ್ಗೆ ಮಾತಾಡ್ಬೇಕು ಅನ್ನೋ ತೀರ್ಮಾನಕ್ಕೆ ಬರಬಹುದು.

ಪ್ರಶ್ನೆ: ಮೊದಲ ಸಾಲಲ್ಲಿ 1.1 ಅಂತಿದೆ, ಅದು ಯಾವ ವರ್ಷನ್?

ಅದು ಪ್ರೋಟೋಕಾಲ್‌ದು, ಸಾಫ್ಟ್‌ವೇರ್‌ದಲ್ಲ. ಬ್ರೌಸರ್ರೂ ಸರ್ವರ್ರೂ ಯಾವ ನಿಯಮದಲ್ಲಿ ಮಾತಾಡ್ತಿವೆ ಅನ್ನೋದು ಅಷ್ಟೇ. ಅಲ್ಲಿ ಎಚ್‌ಟಿಟಿಪಿ/2 ಅಂತ ಬಂದ್ರೆ ಒಂದು ನೆನಪಿಟ್ಕೊಳಿ, ಹೆಡರ್ ಹೆಸರುಗಳೆಲ್ಲ ಸ್ಮಾಲ್ ಅಕ್ಷರದಲ್ಲೇ ಬರತ್ತೆ, ಹಾಗಾಗಿ ಗ್ರೆಪ್‌ನಲ್ಲಿ (ಸಾಲುಗಳಲ್ಲಿ ಪದ ಹುಡುಕೋ ಕಮಾಂಡ್) ಸರ್ವರ್ ಅಂತ ಹುಡುಕೋವಾಗ ಹೈಫನ್ ಸ್ಮಾಲ್ ಐ ಹಾಕಿ, ಇಲ್ಲಾಂದ್ರೆ ಕಣ್ಮುಂದೆ ಇದ್ರೂ ಸಿಗಲ್ಲ.

ಪ್ರಶ್ನೆ: ಹೆಡ್ ರಿಕ್ವೆಸ್ಟ್‌ಗೆ 405 ಅಂತ ಬರ್ತಿದೆ, ಬ್ರೌಸರ್‌ನಲ್ಲಿ ಮಾತ್ರ ಸರಿಯಾಗಿ ತೆಗೆಯತ್ತೆ.

ಕೆಲವು ಅಪ್ಲಿಕೇಶನ್‌ಗಳು ಗೆಟ್‌ಗೆ, ಅಂದ್ರೆ ಬ್ರೌಸರ್ ಪೇಜ್ ಕೇಳೋವಾಗ ಕಳಿಸೋ ರಿಕ್ವೆಸ್ಟ್‌ಗೆ, ಮಾತ್ರ ಉತ್ತರ ಕೊಡತ್ತೆ, ಹೆಡ್ ಒಪ್ಪಲ್ಲ ಅನ್ನೋದಕ್ಕೇ 405. ಆಗ ಹೈಫನ್ ಸ್ಮಾಲ್ ಎಸ್, ಹೈಫನ್ ಕ್ಯಾಪಿಟಲ್ ಡಿ ಸ್ಪೇಸ್ ಹೈಫನ್, ಹೈಫನ್ ಸ್ಮಾಲ್ ಓ ಸ್ಪೇಸ್ ಸ್ಲ್ಯಾಶ್ ಡೆವ್ ಸ್ಲ್ಯಾಶ್ ನಲ್, ಇಷ್ಟು ಹಾಕಿ. ಗೆಟ್ ರಿಕ್ವೆಸ್ಟೇ ಹೋಗತ್ತೆ, ಪೇಜ್‌ನ ಎಸೆದು ಹೆಡರ್ ಮಾತ್ರ ಸ್ಕ್ರೀನ್ ಮೇಲೆ ತೋರಿಸತ್ತೆ.

ಪ್ರಶ್ನೆ: ಸರ್ವರ್ ಹೆಡರ್‌ನಲ್ಲಿ ಹೆಸರಿದೆ, ನಂಬರ್ ಇಲ್ಲ. ಯಾಕೆ?

ಅಡ್ಮಿನ್ ಮುಚ್ಚಿಟ್ಟಿದ್ದಾರೆ. ಎಂಜಿನ್‌ಎಕ್ಸ್‌ನಲ್ಲಿ ಸರ್ವರ್ ಟೋಕನ್ಸ್ ಆಫ್, ಅಪಾಚೆಯಲ್ಲಿ ಸರ್ವರ್ ಟೋಕನ್ಸ್ ಪ್ರಾಡ್, ಪಿಎಚ್‌ಪಿಯಲ್ಲಿ ಎಕ್ಸ್‌ಪೋಸ್ ಪಿಎಚ್‌ಪಿ ಆಫ್, ಹೀಗೆ ಪ್ರತಿಯೊಂದಕ್ಕೂ ಒಂದೊಂದು ಸೆಟಿಂಗ್ ಇದೆ. ಸರ್ವರ್ ಹೆಡರ್ ಕಳಿಸ್ಲೇಬೇಕು ಅಂತ ಕಡ್ಡಾಯಾನೂ ಇಲ್ಲ, 2022ರಲ್ಲಿ ಬಂದ ಎಚ್‌ಟಿಟಿಪಿ ನಿಯಮಗಳ ದಾಖಲೆ ಆರ್‌ಎಫ್‌ಸಿ 9110ರಲ್ಲಿ ಕೂಡ ಇದರಲ್ಲಿ ಅತಿಯಾಗಿ ವಿವರ ಹಾಕ್ಬೇಡಿ ಅಂತಾನೇ ಹೇಳಿದೆ. ಆದ್ರೆ ಮುಂದಿನ ಸರ್ವರ್ ಮುಚ್ಚಿಟ್ಟಿದ್ದನ್ನ ಹಿಂದಿನದು ಬಿಟ್ಕೊಡೋದು ಮಾಮೂಲು. ಇಲ್ಲದೇ ಇರೋ ಒಂದು ಪೇಜ್ ಕೇಳಿ ನೋಡಿ, ಟಾಮ್‌ಕ್ಯಾಟ್ (ಜಾವಾ ಅಪ್ಲಿಕೇಶನ್ ಓಡಿಸೋ ಸರ್ವರ್) ಆದ್ರೆ ಡೀಫಾಲ್ಟ್ ಎರರ್ ಪೇಜ್‌ನ ಕೆಳಗಡೆ ಅಪಾಚೆ ಟಾಮ್‌ಕ್ಯಾಟ್ ಅಂತ ವರ್ಷನ್ ಸಮೇತ ಬರ್ದಿರತ್ತೆ. ನಿಮ್ಮದೇ ಸರ್ವೀಸ್ ಆಗಿದ್ರೆ ಅದನ್ನ ನೋಡಿದ ತಕ್ಷಣ ಸರಿ ಮಾಡ್ಸಿ.

ಪ್ರಶ್ನೆ: ನಮ್ಮದು ಅಪಾಚೆ ಅಂತ ಗ್ಯಾರಂಟಿ ಗೊತ್ತು, ಆದ್ರೆ ಕರ್ಲ್‌ನಲ್ಲಿ ಕ್ಲೌಡ್‌ಫ್ಲೇರ್ ಅಂತ ಬರ್ತಿದೆ!

ಇದನ್ನ ಅರ್ಥ ಮಾಡ್ಕೊಂಡ್ರೆ ಅರ್ಧ ಕೆಲಸ ಆದಂಗೆ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ. ನೀವು ಕಳಿಸಿದ ರಿಕ್ವೆಸ್ಟ್ ನೇರವಾಗಿ ನಿಮ್ಮ ಅಪ್ಲಿಕೇಶನ್‌ಗೆ ಹೋಗೋದು ಈಗ ಅಪರೂಪ, ಮುಂದೆ ಸಿಡಿಎನ್ (ಕ್ಲೌಡ್‌ಫ್ಲೇರ್ ಥರ ಪೇಜ್‌ಗಳ ಪ್ರತಿ ಇಟ್ಕೊಂಡು ಹಂಚೋ ಸೇವೆ) ಇರತ್ತೆ, ಅದರ ಹಿಂದೆ ಲೋಡ್ ಬ್ಯಾಲೆನ್ಸರ್ (ರಿಕ್ವೆಸ್ಟ್‌ಗಳನ್ನ ಹಲವು ಮೆಷಿನ್‌ಗೆ ಹಂಚೋದು), ಅದರ ಹಿಂದೆ ಎಂಜಿನ್‌ಎಕ್ಸ್, ಅದರ ಹಿಂದೆ ನಿಮ್ಮ ಜಾವಾನೋ ನೋಡ್‌ಜೆಎಸ್ಸೋ ಪೈಥಾನೋ. ಇಷ್ಟು ಜನರಲ್ಲಿ ಯಾರು ಉತ್ತರ ಕೊಟ್ರು ಅನ್ನೋದನ್ನ ಮೊದ್ಲು ತಿಳ್ಕೊಬೇಕು, ಆಮೇಲೆ ನಂಬರ್ ನೋಡ್ಬೇಕು. ಕ್ಲೌಡ್‌ಫ್ಲೇರ್ ಸರ್ವರ್ ಹೆಡರ್‌ನಲ್ಲಿ ತನ್ನ ಹೆಸರು ಹಾಕತ್ತೆ, ಒರಿಜಿನ್‌ನ, ಅಂದ್ರೆ ಹಿಂದಿರೋ ನಿಮ್ಮ ಅಸಲಿ ಸರ್ವರ್‌ನ, ಹೆಡರ್ ಹೋಗ್ಬಿಡತ್ತೆ. ಏಜ್ ಅಂತ ಒಂದು ಹೆಡರ್ ಕಂಡ್ರೆ ಅದು ಕ್ಯಾಶ್‌ನಿಂದ (ಮೊದಲೇ ತೆಗೆದಿಟ್ಟ ಪ್ರತಿಯಿಂದ) ಬಂದ ಉತ್ತರ, ಅದರ ಪಕ್ಕದಲ್ಲಿರೋ ಸಂಖ್ಯೆ ಕ್ಯಾಶ್‌ನಲ್ಲಿ ಎಷ್ಟು ಸೆಕೆಂಡ್ ಆಯ್ತು ಅಂತ. ಅದು 3600 ಇದ್ರೆ ನೀವು ನೋಡ್ತಿರೋದು ಒಂದು ಗಂಟೆ ಹಿಂದಿನ ವರ್ಷನ್, ಹೊಸ ಡಿಪ್ಲಾಯ್ (ಹೊಸ ವರ್ಷನ್‌ನ ಸರ್ವರ್‌ಗೆ ಹಾಕೋದು) ಆಗಿಲ್ಲ ಅಂತ ಡೆವ್‌ಆಪ್ಸ್ ಟೀಮ್ ಮೇಲೆ ಕೂಗಾಡೋ ಮುಂಚೆ ಈ ಸಾಲು ನೋಡಿ ಪ್ಲೀಸ್.

ಒರಿಜಿನ್‌ನ ಐಪಿ ನಿಮ್ಗೆ ಗೊತ್ತಿದ್ರೆ, ಮತ್ತೆ ಅಲ್ಲಿಗೆ ಹೋಗೋ ಪರ್ಮಿಷನ್ ಇದ್ರೆ, ಕರ್ಲ್‌ನಲ್ಲಿ ಹೈಫನ್ ಹೈಫನ್ ರಿಸಾಲ್ವ್ ಅನ್ನೋ ಆಪ್ಷನ್ ಇದೆ. ಅದಕ್ಕೆ ಡೊಮೇನ್, ಕೋಲನ್, 443, ಕೋಲನ್, ಐಪಿ ಕೊಡಿ. ಡಿಎನ್‌ಎಸ್ ಕೇಳ್ದೆ ಸೀದಾ ಆ ಮೆಷಿನ್‌ಗೆ ಹೋಗತ್ತೆ, ಸರ್ಟಿಫಿಕೇಟ್ ಚೆಕ್ ಕೂಡ ಡೊಮೇನ್ ಹೆಸರಲ್ಲೇ ಸರಿಯಾಗಿ ನಡೆಯತ್ತೆ. ಹೋಸ್ಟ್ಸ್ ಫೈಲ್ ತಿದ್ದಿ ಆಮೇಲೆ ತೆಗೆಯೋದು ಮರೆಯೋ ತಲೆನೋವು ಇರಲ್ಲ.

ಪ್ರಶ್ನೆ: ವೆಬ್ ಸರ್ವರ್ ವರ್ಷನ್ ಬೇಡ, ಒಳಗಡೆ ಓಡ್ತಿರೋ ಸಾಫ್ಟ್‌ವೇರ್ ವರ್ಷನ್ ಬೇಕು.

ಅದಕ್ಕೆ ಎಲ್ಲಾ ಕಡೆ ಒಂದೇ ದಾರಿ ಇಲ್ಲ, ಪ್ರತಿ ಸಾಫ್ಟ್‌ವೇರ್ ತನ್ನದೇ ಒಂದು ಬಾಗಿಲು ಇಟ್ಕೊಂಡಿರತ್ತೆ. ನಮ್ಮ ಬೆಂಗಳೂರಿನ ಕಂಪನಿಗಳಲ್ಲಿ ದಿನಾ ಸಿಗೋದನ್ನ ಹೇಳ್ತೀನಿ. ಎಲಾಸ್ಟಿಕ್‌ಸರ್ಚ್ ಆದ್ರೆ 9200 ಪೋರ್ಟ್‌ನಲ್ಲಿ ಬರೀ ಸ್ಲ್ಯಾಶ್ ಕೇಳಿ, ಜೇಸನ್ (ಹೆಸರು, ಅದರ ಮೌಲ್ಯ ಅಂತ ಜೋಡಿಸಿರೋ ಡೇಟಾ) ಬರತ್ತೆ, ಅದರಲ್ಲಿ ವರ್ಷನ್ ಒಳಗೆ ನಂಬರ್ ಅಂತ ಇರತ್ತೆ, ಸೆಕ್ಯೂರಿಟಿ ಆನ್ ಇದ್ರೆ ಯೂಸರ್ ಪಾಸ್‌ವರ್ಡ್ ಕೊಡ್ಬೇಕು. ಜೆಂಕಿನ್ಸ್ ಇನ್ನೂ ಸುಲಭ, ಹೆಡರ್‌ನಲ್ಲೇ ಎಕ್ಸ್-ಜೆಂಕಿನ್ಸ್ ಅಂತ ವರ್ಷನ್ ಕಳಿಸತ್ತೆ. ಗ್ರಾಫಾನಾಗೆ ಸ್ಲ್ಯಾಶ್ ಎಪಿಐ ಸ್ಲ್ಯಾಶ್ ಹೆಲ್ತ್, ನೆಕ್ಸ್ಟ್‌ಕ್ಲೌಡ್‌ಗೆ ಸ್ಟೇಟಸ್ ಡಾಟ್ ಪಿಎಚ್‌ಪಿ, ಇಟಿಸಿಡಿಗೆ 2379 ಪೋರ್ಟ್‌ನಲ್ಲಿ ಸ್ಲ್ಯಾಶ್ ವರ್ಷನ್. ಪ್ರೊಮಿಥಿಯಸ್‌ದು ಸ್ವಲ್ಪ ಉದ್ದ, ಸ್ಲ್ಯಾಶ್ ಎಪಿಐ ಸ್ಲ್ಯಾಶ್ ವಿ1 ಸ್ಲ್ಯಾಶ್ ಸ್ಟೇಟಸ್ ಸ್ಲ್ಯಾಶ್ ಬಿಲ್ಡ್‌ಇನ್ಫೋ. ಗಿಟ್‌ಲ್ಯಾಬ್‌ದು ಸ್ಲ್ಯಾಶ್ ಎಪಿಐ ಸ್ಲ್ಯಾಶ್ ವಿ4 ಸ್ಲ್ಯಾಶ್ ವರ್ಷನ್, ಟೋಕನ್ ಇಲ್ದೆ ಕೊಡಲ್ಲ.

ಹಲವು ಮೆಷಿನ್ ಸೇರಿಸಿ (ಅದೇ ಕ್ಲಸ್ಟರ್) ಅಪ್ಲಿಕೇಶನ್ ಓಡಿಸೋ ಕುಬರ್ನೆಟಿಸ್‌ನ ಎಪಿಐ ಸರ್ವರ್‌ಗೂ ಸ್ಲ್ಯಾಶ್ ವರ್ಷನ್ ಇದೆ, ಕ್ಯೂಬ್‌ಸಿಟಿಎಲ್ ವರ್ಷನ್ ಅಂತ ಹಾಕಿದಾಗ ಬರೋ ಸರ್ವರ್ ವರ್ಷನ್ ಕ್ಲಸ್ಟರ್‌ದು, ನಿಮ್ಮ ಆ್ಯಪ್‌ದಲ್ಲ, ಇದನ್ನ ಕಲಸಿಕೊಳ್ಳೋರು ಇದಾರೆ. ಜಯನಗರದ ಯಾವುದೋ ಅಂಗಡಿಯ ವರ್ಡ್‌ಪ್ರೆಸ್ ಸೈಟ್ ಮೇಂಟೇನ್ ಮಾಡೋ ಫ್ರೀಲ್ಯಾನ್ಸರ್ ಆಗಿದ್ರೆ, ಹೋಮ್‌ಪೇಜ್ ತಂದು ಜನರೇಟರ್ ಅಂತ ಗ್ರೆಪ್ ಮಾಡಿ, ಅಲ್ಲಿ ತೆಗೆದಿದ್ರೆ ಸ್ಲ್ಯಾಶ್ ಫೀಡ್‌ನಲ್ಲಿ ನೋಡಿ.

ಪ್ರಶ್ನೆ: ಜೇಸನ್ ಎಲ್ಲಾ ಒಂದೇ ಸಾಲಲ್ಲಿ ಸುರಿಯತ್ತೆ, ಓದಕ್ಕಾಗಲ್ಲ.

ಜೆಕ್ಯೂ ಅನ್ನೋ ಜೇಸನ್ ಓದೋ ಟೂಲ್ ಇನ್‌ಸ್ಟಾಲ್ ಮಾಡ್ಕೊಳಿ. ಪೈಪ್ ಹಾಕಿ ಜೆಕ್ಯೂ ಹೈಫನ್ ಸ್ಮಾಲ್ ಆರ್, ಆಮೇಲೆ ಕೋಟ್ಸ್ ಒಳಗೆ ಡಾಟ್ ವರ್ಷನ್ ಡಾಟ್ ನಂಬರ್ ಅಂತ ಕೊಟ್ರೆ ಎಲಾಸ್ಟಿಕ್‌ಸರ್ಚ್‌ನ ನಂಬರ್ ಮಾತ್ರ ಬರತ್ತೆ, ಸುತ್ತ ಕೋಟ್ಸ್ ಕೂಡ ಇರಲ್ಲ.

ಪ್ರಶ್ನೆ: ಒಂದ್ಸಲ ಹಳೇ ವರ್ಷನ್ ತೋರಿಸತ್ತೆ, ಇನ್ನೊಂದ್ಸಲ ಹೊಸದು. ಕರ್ಲ್ ಕೆಟ್ಟಿದ್ಯಾ?

ಕರ್ಲ್ ಸರಿಯಾಗೇ ಇದೆ. ಲೋಡ್ ಬ್ಯಾಲೆನ್ಸರ್ ಹಿಂದೆ ಹತ್ತು ಪಾಡ್ (ಅಪ್ಲಿಕೇಶನ್‌ನ ಓಡ್ತಿರೋ ಒಂದೊಂದು ಪ್ರತಿ) ಇದ್ದು ಏಳು ಹೊಸದಾಗಿ ಮೂರು ಹಳೇದಾಗಿದ್ರೆ ಹೀಗೇ ಆಗೋದು. ರೋಲಿಂಗ್ ಡಿಪ್ಲಾಯ್ (ಪಾಡ್‌ಗಳನ್ನ ಒಂದೊಂದಾಗಿ ಬದಲಿಸೋದು) ನಡೀತಿರೋವಾಗ ಇದು ಸಹಜ, ಅರ್ಧ ಗಂಟೆ ಆದ್ಮೇಲೂ ಹಾಗೇ ಇದ್ರೆ ಎಲ್ಲೋ ಸಿಕ್ಕಾಕ್ಕೊಂಡಿದೆ. ಒಂದು ಫಾರ್ ಲೂಪ್‌ನಲ್ಲಿ ಇಪ್ಪತ್ತು ಸಲ ವರ್ಷನ್ ಕೇಳಿ, ಬಂದಿದ್ದನ್ನ ಸಾರ್ಟ್‌ಗೆ ಕೊಟ್ಟು, ಅಲ್ಲಿಂದ ಯೂನಿಕ್ (ಯು ಎನ್ ಐ ಕ್ಯೂ, ಅಷ್ಟೇ) ಹೈಫನ್ ಸ್ಮಾಲ್ ಸಿಗೆ ಕೊಡಿ, ಯಾವ ವರ್ಷನ್ ಎಷ್ಟು ಸಲ ಬಂತು ಅಂತ ಎಣಿಸಿ ಕೊಡತ್ತೆ. ಪ್ರತಿ ಸಲ ಕರ್ಲ್ ಹೊಸ ಕನೆಕ್ಷನ್ ಮಾಡತ್ತೆ, ನಾವು ಹೇಳ್ದೇ ಇದ್ರೆ ಕುಕ್ಕಿ ಕೂಡ ಇಟ್ಕೊಳಲ್ಲ, ಅದಕ್ಕೇ ಬೇರೆ ಬೇರೆ ಪಾಡ್‌ಗೆ ಹೋಗತ್ತೆ. ಬ್ರೌಸರ್‌ನಲ್ಲಿ ರಿಫ್ರೆಶ್ ಮಾಡ್ತಾ ಕೂತ್ರೆ ಸ್ಟಿಕಿ ಸೆಷನ್ ಇರೋ ಕಡೆ ಒಂದೇ ಪಾಡ್ ಮತ್ತೆ ಮತ್ತೆ ಸಿಗತ್ತೆ, ಎಲ್ಲಾ ಸರಿಯಾಗಿದೆ ಅಂತ ಅನ್ಸಿಬಿಡತ್ತೆ, ಅತ್ಲಾಗೆ ಕಸ್ಟಮರ್‌ಗೆ ಹಳೇದೇ ಹೋಗ್ತಿರತ್ತೆ.

ಪ್ರಶ್ನೆ: ವಿಂಡೋಸ್ ಪವರ್‌ಶೆಲ್‌ನಲ್ಲಿ ಕರ್ಲ್ ಹಾಕಿದ್ರೆ ಏನೇನೋ ಎರರ್.

ಹಳೇ ಪವರ್‌ಶೆಲ್ 5.1ರಲ್ಲಿ ಕರ್ಲ್ ಅನ್ನೋದು ಇನ್ವೋಕ್ ವೆಬ್‌ರಿಕ್ವೆಸ್ಟ್‌ಗೆ ಇಟ್ಟಿರೋ ಅಡ್ಡಹೆಸರು. ಕರ್ಲ್ ಡಾಟ್ ಇಎಕ್ಸ್‌ಇ ಅಂತ ಪೂರ್ತಿ ಟೈಪ್ ಮಾಡಿ, ವಿಂಡೋಸ್ 10ರ 1803 ರಿಲೀಸ್‌ನಿಂದ ಈಚೆಗೆ ನಿಜವಾದ ಕರ್ಲ್ ಜೊತೆಗೇ ಬರತ್ತೆ.

ಪ್ರಶ್ನೆ: ರಿಲೀಸ್ ದಿನ ಲ್ಯಾಪ್‌ಟಾಪ್ ಇಲ್ಲ, ಸಿಲ್ಕ್ ಬೋರ್ಡ್‌ನಲ್ಲಿ ಬಸ್ಸಲ್ಲಿ ಸಿಕ್ಕಾಕ್ಕೊಂಡಿದ್ದೀನಿ. ಫೋನಿಂದ ಆಗತ್ತಾ?

ಆಂಡ್ರಾಯ್ಡ್ ಆದ್ರೆ ಟರ್ಮಕ್ಸ್ ಅನ್ನೋ ಟರ್ಮಿನಲ್ ಆ್ಯಪ್ ಹಾಕೊಳಿ, ಪಿಕೆಜಿ ಇನ್‌ಸ್ಟಾಲ್ ಕರ್ಲ್ ಅಂದ್ರೆ ಮುಗೀತು. ಇದಕ್ಕೆ ಇನ್ನೊಂದು ಲಾಭಾನೂ ಇದೆ, ಮೊಬೈಲ್ ಡೇಟಾದಿಂದ ನೋಡಿದ್ರೆ ಹೊರಗಿನ ಕಸ್ಟಮರ್ ಕಣ್ಣಿಗೆ ಏನು ಕಾಣತ್ತೋ ಅದೇ ನಿಮಗೂ ಕಾಣತ್ತೆ. ಆಫೀಸ್ ನೆಟ್‌ವರ್ಕ್‌ನಲ್ಲಿ ಮಧ್ಯೆ ಪ್ರಾಕ್ಸಿ ಇರತ್ತೆ, ವಯಾ ಅನ್ನೋ ಹೆಡರ್ ಬಂದ್ರೆ ಮಧ್ಯೆ ಇನ್ಯಾರೋ ಇದಾರೆ ಅಂತ ಲೆಕ್ಕ. ಸೀದಾ ಹೋಗೋ ದಾರಿ ಇದ್ರೆ ಹೈಫನ್ ಹೈಫನ್ ನೋಪ್ರಾಕ್ಸಿ, ಕೋಟ್ಸ್ ಒಳಗೆ ಒಂದು ಸ್ಟಾರ್ ಹಾಕಿ ಟ್ರೈ ಮಾಡಿ.

ಪ್ರಶ್ನೆ: ಸರ್ಟಿಫಿಕೇಟ್ ಎರರ್ ಬರ್ತಿದೆ, ಹೈಫನ್ ಸ್ಮಾಲ್ ಕೆ ಹಾಕ್ಬಿಡ್ಲಾ?

ಒಳಗಿನ ಸ್ಟೇಜಿಂಗ್ (ರಿಲೀಸ್‌ಗೆ ಮುಂಚೆ ಪರೀಕ್ಷೆ ಮಾಡೋ) ಮೆಷಿನ್ ಆಗಿದ್ರೆ ನೋಡೋದಕ್ಕಷ್ಟೇ ಹಾಕಿ. ಸ್ಕ್ರಿಪ್ಟ್‌ನಲ್ಲಿ ಮಾತ್ರ ಖಂಡಿತ ಬೇಡ, ಅದರಲ್ಲೂ ಟೋಕನ್ ಕಳಿಸೋ ಕಮಾಂಡ್‌ನಲ್ಲಿ. ಆ ಕಡೆ ಯಾರಿದಾರೆ ಅಂತ ಪರೀಕ್ಷೆ ಮಾಡೋದನ್ನೇ ಅದು ನಿಲ್ಲಿಸತ್ತೆ. ಕಂಪನಿಯ ಸಿಎ (ಬೇರೆ ಸರ್ಟಿಫಿಕೇಟ್‌ಗಳಿಗೆ ಸಹಿ ಹಾಕೋದು) ಸರ್ಟಿಫಿಕೇಟ್ ಫೈಲ್ ತಗೊಂಡು ಹೈಫನ್ ಹೈಫನ್ ಸಿಎಸರ್ಟ್ ಅಂತ ಕೊಡಿ, ಒಂದ್ಸಲ ಮಾಡಿಟ್ರೆ ಮತ್ತೆ ಯೋಚನೆ ಇಲ್ಲ.

ಪ್ರಶ್ನೆ: ಸೆಕ್ಯೂರಿಟಿ ಆಡಿಟ್ ರಿಪೋರ್ಟ್‌ನಲ್ಲಿ ನಮ್ಮ ಸರ್ವರ್ ಹಳೇ ವರ್ಷನ್, ಅಪಾಯ ಅಂತ ಕೆಂಪು ಬಣ್ಣದಲ್ಲಿ ಬರ್ದಿದ್ದಾರೆ. ಆದ್ರೆ ನಾವು ಅಪ್‌ಡೇಟ್ ಮಾಡಿದ್ದೀವಿ. ಯಾರು ಸರಿ?

ಇಬ್ರೂ ಒಂದೇ ನಂಬರ್ ನೋಡಿ ಬೇರೆ ಬೇರೆ ಅರ್ಥ ಮಾಡ್ಕೊಂಡಿರೋ ಸಾಧ್ಯತೆ ಜಾಸ್ತಿ. ಉಬುಂಟು, ಡೆಬಿಯನ್, ರೆಡ್‌ಹ್ಯಾಟ್ ಇವೆಲ್ಲ ಒಂದು ರಿಲೀಸ್‌ಗೆ ಒಂದು ವರ್ಷನ್ ಅಂತ ಹಿಡ್ಕೊಂಡು, ಸೆಕ್ಯೂರಿಟಿ ಫಿಕ್ಸ್ ಬಂದಾಗ ಆ ಫಿಕ್ಸ್‌ನ ಮಾತ್ರ ಹಳೇ ಕೋಡ್‌ಗೆ ಸೇರಿಸತ್ತೆ. ಮುಂದಿನ ನಂಬರ್ ಬದಲಾಗಲ್ಲ, ಬಾಲದಲ್ಲಿರೋದು ಮಾತ್ರ ಬದಲಾಗತ್ತೆ. ಇದಕ್ಕೆ ಬ್ಯಾಕ್‌ಪೋರ್ಟ್ ಅಂತಾರೆ.

ಕಣ್ಣಿಗೆ ಕಾಣೋ ಉದಾಹರಣೆ ಬೇಕಂದ್ರೆ ಎಸ್‌ಎಸ್‌ಎಚ್ (ದೂರದ ಸರ್ವರ್‌ಗೆ ಲಾಗಿನ್ ಆಗೋ ಬಾಗಿಲು) ನೋಡಿ. ಎನ್‌ಸಿ (ನೆಟ್‌ಕ್ಯಾಟ್) ಅಂತ ಹಾಕಿ, ನಿಮ್ಮ ಸರ್ವರ್ ಹೆಸರು, ಸ್ಪೇಸ್, 22. ಪಾಸ್‌ವರ್ಡ್ ಕೇಳೋಕೂ ಮುಂಚೆ ಒಂದು ಸಾಲು ಬರತ್ತೆ:

ಎಸ್‌ಎಸ್‌ಎಚ್-2.0-ಓಪನ್‌ಎಸ್‌ಎಸ್‌ಎಚ್_8.9ಪಿ1 ಉಬುಂಟು-3ಉಬುಂಟು0.10

2024ರ ಜುಲೈ 1ಕ್ಕೆ ಓಪನ್‌ಎಸ್‌ಎಸ್‌ಎಚ್‌ನಲ್ಲಿ ಒಂದು ದೊಡ್ಡ ತೂತು ಬಯಲಿಗೆ ಬಂತು, ಸಿವಿಇ (ಬಯಲಾದ ತೂತುಗಳಿಗೆ ಕೊಡೋ ಗುರುತಿನ ನಂಬರ್) 2024-6387. 8.5ರಿಂದ 9.7ರವರೆಗೆ ಎಲ್ಲದಕ್ಕೂ ಇತ್ತು, 9.8ರಲ್ಲಿ ಸರಿಯಾಯ್ತು. ಈ ಲೆಕ್ಕದಲ್ಲಿ 8.9 ಅಂದ ತಕ್ಷಣ ಸ್ಕ್ಯಾನರ್ ಕೆಂಪು ದೀಪ ಹಾಕತ್ತೆ. ಆದ್ರೆ ಉಬುಂಟು 22.04ರಲ್ಲಿ ಆ ಫಿಕ್ಸ್ ಬಂದಿದ್ದೇ ಕೊನೇಲಿ ಕಾಣ್ತಿರೋ 3ಉಬುಂಟು0.10ರಲ್ಲಿ. ಅಲ್ಲಿ 0.10 ಅಥವಾ ಅದಕ್ಕಿಂತ ಮುಂದಿನದು ಇದ್ರೆ ಈ ತೂತಿನ ಮಟ್ಟಿಗೆ ಸರ್ವರ್ ಸೇಫು, 0.9 ಇದ್ರೆ ಇವತ್ತೇ ಅಪ್‌ಡೇಟ್ ಮಾಡಿ. ಬಾಲ ಓದ್ದೆ ಬರೀ 8.9 ನೋಡಿ ಸೇಫ್ ಅಂತಾನೂ ಹೇಳಕ್ಕಾಗಲ್ಲ, ಅಪಾಯ ಅಂತಾನೂ ಹೇಳಕ್ಕಾಗಲ್ಲ.

ವೆಬ್ ಸರ್ವರ್ ಹೆಡರ್‌ನಲ್ಲಿ ಆ ಬಾಲ ಬರಲ್ಲ, ಅದಕ್ಕೇ ಆಡಿಟರ್‌ಗೆ ಒಳಗಿನ ಸಾಕ್ಷಿ ಕೊಡ್ಬೇಕಾಗತ್ತೆ. ಉಬುಂಟುವಿನಲ್ಲಿ ಎಪಿಟಿ ಚೇಂಜ್‌ಲಾಗ್, ರೆಡ್‌ಹ್ಯಾಟ್ ಕಡೆ ಆರ್‌ಪಿಎಂ ಹೈಫನ್ ಕ್ಯೂ ಹೈಫನ್ ಹೈಫನ್ ಚೇಂಜ್‌ಲಾಗ್, ಅದರಲ್ಲಿ ಸಿವಿಇ ನಂಬರ್ ಗ್ರೆಪ್ ಮಾಡಿ ಆ ಸಾಲನ್ನೇ ಕಳಿಸಿ, ವಾದ ಅಲ್ಲಿಗೇ ಮುಗಿಯತ್ತೆ.

ಇದರ ಉಲ್ಟಾ ಕೂಡ ನಡೆಯತ್ತೆ. ಪ್ಯಾಕೇಜ್ ಅಪ್‌ಡೇಟ್ ಆಗಿದೆ, ಎಂಜಿನ್‌ಎಕ್ಸ್ ಹೈಫನ್ ಸ್ಮಾಲ್ ವಿ ಅಂದ್ರೆ ಹೊಸ ನಂಬರ್ರೇ ತೋರಿಸತ್ತೆ, ಹೊರಗಿಂದ ಕರ್ಲ್ ಮಾಡಿದ್ರೆ ಹಳೇದು. ಇಲ್ಲಿ ಕರ್ಲ್‌ನ ನಂಬಿ. ಒಳಗಿನ ಕಮಾಂಡ್ ಡಿಸ್ಕ್ ಮೇಲಿರೋ ಫೈಲ್ ವರ್ಷನ್ ಹೇಳತ್ತೆ, ಕರ್ಲ್‌ಗೆ ಉತ್ತರ ಕೊಡೋದು ಮೆಮೊರಿಯಲ್ಲಿ ಓಡ್ತಿರೋ ಪ್ರೋಸೆಸ್. ರೀಲೋಡ್ ಮಾಡಿದ್ರೆ ಕಾನ್ಫಿಗ್ ಮಾತ್ರ ಹೊಸದಾಗತ್ತೆ, ಪ್ರೋಗ್ರಾಂ ಹಳೇದೇ ಇರತ್ತೆ, ರೀಸ್ಟಾರ್ಟ್ ಮಾಡ್ಲೇಬೇಕು.

ಪ್ರಶ್ನೆ: ಕೊನೇ ಅಂಕಿ ಒಂದು ಹೆಚ್ಚುಕಮ್ಮಿ ಆದ್ರೆ ಏನಂತೆ?

2021ರ ಅಕ್ಟೋಬರ್‌ನಲ್ಲಿ ಅಪಾಚೆ ಕಥೆ ನೆನಪು ಮಾಡ್ಕೊಳಿ. 2.4.49ರಲ್ಲಿ, ಬರೀ ಅದೊಂದರಲ್ಲೇ, ಬೇರೆ ಡೈರೆಕ್ಟರಿಯ ಫೈಲ್ ಹೊರಗಿಂದ ಓದಬಹುದಾದ ತೂತು ಬಂತು. 2.4.50 ಬಿಟ್ರು, ಆ ಫಿಕ್ಸ್ ಸಾಲ್ದು ಅಂತ ಗೊತ್ತಾಗಿ ಕೆಲವೇ ದಿನದಲ್ಲಿ 2.4.51 ಬಿಟ್ರು. 2.4.48ರಲ್ಲಿ ಇದ್ದವರಿಗೆ ಈ ತೂತು ಇರ್ಲಿಲ್ಲ. ಹೋಲಿಸೋವಾಗ 2.4.9ಕ್ಕಿಂತ 2.4.10 ದೊಡ್ಡದು ಅನ್ನೋದೂ ಗಮನದಲ್ಲಿರ್ಲಿ, ಸ್ಕ್ರಿಪ್ಟ್‌ನಲ್ಲಿ ಸಾರ್ಟ್ ಹೈಫನ್ ಕ್ಯಾಪಿಟಲ್ ವಿ ಬಳಸಿದ್ರೆ ಈ ಕ್ರಮ ಸರಿಯಾಗಿ ಬರತ್ತೆ.

ಪ್ರಶ್ನೆ: ಬೇರೆಯವರ ಸರ್ವರ್ ವರ್ಷನ್ ಹೀಗೆ ನೋಡೋದು ತಪ್ಪಲ್ವಾ? ಎನ್‌ಮ್ಯಾಪ್ ಹಾಕ್ಬಹುದಾ?

ಬ್ರೌಸರ್‌ನಲ್ಲಿ ಪೇಜ್ ತೆಗೆದಾಗ ಬರೋ ಹೆಡರೇ ಕರ್ಲ್‌ನಲ್ಲೂ ಬರೋದು, ಸಾರ್ವಜನಿಕ ಸೈಟ್‌ಗೆ ಮಾಮೂಲಿ ರಿಕ್ವೆಸ್ಟ್ ಕಳಿಸಿ ಅದನ್ನ ಓದೋದು ಒಂದು. ಎನ್‌ಮ್ಯಾಪ್ ಹೈಫನ್ ಸ್ಮಾಲ್ ಎಸ್ ಕ್ಯಾಪಿಟಲ್ ವಿ ಹಾಕಿ ಎಲ್ಲಾ ಪೋರ್ಟ್ ತಟ್ಟಿ ನೋಡೋದು ಇನ್ನೊಂದು. ಅದನ್ನ ನಿಮ್ಮ ಮೆಷಿನ್ ಮೇಲೆ, ಇಲ್ಲಾಂದ್ರೆ ಲಿಖಿತ ಅನುಮತಿ ಇರೋ ಮೆಷಿನ್ ಮೇಲೆ ಮಾತ್ರ ಮಾಡಿ. ಐಟಿ ಕಾಯ್ದೆ 2000ದ ಸೆಕ್ಷನ್ 43 ಮತ್ತು 66 ಅನುಮತಿ ಇಲ್ದೆ ಬೇರೆಯವರ ಕಂಪ್ಯೂಟರ್‌ಗೆ ಕೈ ಹಾಕೋದರ ಬಗ್ಗೆನೇ ಇರೋದು, 66ರಲ್ಲಿ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ, ಅಥವಾ ಎರಡೂ ಇದೆ. ಬೇರೆಯವರ ಸೈಟ್‌ನಲ್ಲಿ ಹಳೇ ವರ್ಷನ್ ಕಣ್ಣಿಗೆ ಬಿದ್ರೆ ಅವರಿಗೆ ಒಂದು ಮೇಲ್ ಹಾಕಿ, ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೂ ತಿಳಿಸಬಹುದು, ಅಲ್ಲಿಗೆ ನಿಲ್ಸಿ. ಕಾಲೇಜ್ ಹುಡುಗ್ರಿಗೆ ಇದನ್ನ ಕೈಮುಗಿದು ಹೇಳ್ತೀನಿ.

ಪ್ರಶ್ನೆ: ನಾವೇ ಬರೆದ ಸರ್ವೀಸ್‌ಗೆ ಸ್ಲ್ಯಾಶ್ ವರ್ಷನ್ ಇಡ್ಬೇಕಾ? ಅದೇ ಅಪಾಯ ಅಲ್ವಾ?

ಇಡ್ಲೇಬೇಕು ಅನ್ನೋದು ನನ್ನ ಅಭಿಪ್ರಾಯ, ಒಳಗಿನ ನೆಟ್‌ವರ್ಕ್‌ಗೋ ಟೋಕನ್ ಇರೋರಿಗೋ ಮಾತ್ರ ಕಾಣೋ ಥರ. ವರ್ಷನ್ ಮುಚ್ಚಿಟ್ಟ ಮಾತ್ರಕ್ಕೆ ತೂತು ಮುಚ್ಚಲ್ಲ, ಅಟ್ಯಾಕ್ ಮಾಡೋ ಬಾಟ್‌ಗಳು ನಂಬರ್ ನೋಡ್ದೇನೂ ಟ್ರೈ ಮಾಡ್ತಾನೇ ಇರತ್ತೆ. ಆದ್ರೆ ರಾತ್ರಿ ಹನ್ನೆರಡಕ್ಕೆ ಇಶ್ಯೂ ಬಂದಾಗ ನಮ್ಮವರಿಗೇ ವರ್ಷನ್ ಗೊತ್ತಾಗ್ದೇ ಇದ್ರೆ ನಷ್ಟ ನಮಗೇ. ಅದರಲ್ಲಿ ರಿಲೀಸ್ ನಂಬರ್ ಒಂದೇ ಸಾಲ್ದು, ಗಿಟ್ ಕಮಿಟ್ ಹ್ಯಾಶ್ (ಯಾವ ಕೋಡ್‌ನಿಂದ ಬಿಲ್ಡ್ ಆಯ್ತು ಅಂತ ಗುರುತಿಸೋ ಐಡಿ) ಹಾಕಿ, ಬಿಲ್ಡ್ ಆದ ಸಮಯ ಯುಟಿಸಿಯಲ್ಲಿ ಹಾಕಿ, ನಮ್ಮ ಗಡಿಯಾರಕ್ಕೆ ಐದೂವರೆ ಗಂಟೆ ಸೇರಿಸ್ಕೊಂಡು ಓದ್ಕೊಬಹುದು. ಈ ಮಾಹಿತಿ ಬಿಲ್ಡ್ ಟೈಮಲ್ಲೇ ಒಳಗೆ ಸೇರ್ಬೇಕು, ಯಾರೋ ಕೈಯಲ್ಲಿ ತಿದ್ದೋ ಕಾನ್ಫಿಗ್ ಫೈಲಿಂದ ಬಂದ್ರೆ ನಂಬೋ ಹಾಗಿಲ್ಲ. ಸ್ಪ್ರಿಂಗ್ ಬೂಟ್ ಆದ್ರೆ ಆ್ಯಕ್ಚುವೇಟರ್ ಇನ್ಫೋದಲ್ಲಿ ಗಿಟ್ ವಿವರ ಬರೋ ಥರ ಸೆಟ್ ಮಾಡ್ಬಹುದು. ಕ್ಯಾಶ್ ಕಂಟ್ರೋಲ್ ಹೆಡರ್‌ನಲ್ಲಿ ನೋ ಸ್ಟೋರ್ ಹಾಕೋದು ಮರೀಬೇಡಿ, ಇಲ್ಲಾಂದ್ರೆ ಮಧ್ಯೆ ಇರೋ ಸಿಡಿಎನ್ ನಿನ್ನೆಯ ಹ್ಯಾಶ್ ತೋರಿಸ್ತಾ ಕೂತಿರತ್ತೆ.

ಪ್ರಶ್ನೆ: ಡಿಪ್ಲಾಯ್ ಆದ್ಮೇಲೆ ಇದನ್ನ ಸ್ಕ್ರಿಪ್ಟೇ ನೋಡ್ಕೊಳ್ಳೋ ಥರ ಮಾಡ್ಬಹುದಾ?

ಮಾಡಿ. ಪೈಪ್‌ಲೈನ್‌ನ (ಬಿಲ್ಡ್‌ನಿಂದ ಡಿಪ್ಲಾಯ್‌ವರೆಗೆ ತಾನಾಗೇ ನಡೆಯೋ ಸ್ಟೆಪ್‌ಗಳ ಸಾಲು) ಕೊನೇ ಸ್ಟೆಪ್‌ನಲ್ಲಿ, ಈಗಷ್ಟೇ ಬಿಲ್ಡ್ ಮಾಡಿದ ಹ್ಯಾಶ್ ಮತ್ತೆ ಸರ್ವರ್ ಹೇಳೋ ಹ್ಯಾಶ್ ಎರಡೂ ಒಂದೇನಾ ಅಂತ ಹೋಲಿಸಿ, ಒಂದೇ ಆಗೋವರೆಗೂ ಹತ್ತು ಹತ್ತು ಸೆಕೆಂಡ್‌ಗೆ ಕೇಳ್ತಿರ್ಲಿ, ಐದು ನಿಮಿಷ ಆದ್ರೂ ಆಗ್ಲಿಲ್ಲ ಅಂದ್ರೆ ಫೇಲ್ ಮಾಡ್ಲಿ. ಕರ್ಲ್‌ಗೆ ಎರಡು ಆಪ್ಷನ್ ಕಡ್ಡಾಯ. ಹೈಫನ್ ಸ್ಮಾಲ್ ಎಫ್ ಹಾಕ್ದೇ ಇದ್ರೆ ಸರ್ವರ್ 500 ಕೊಟ್ರೂ ಕರ್ಲ್ ಸಕ್ಸಸ್ ಅಂತಾನೇ ಹೊರಬರತ್ತೆ, ಹಾಕಿದ್ರೆ ಎಕ್ಸಿಟ್ ಕೋಡ್ 22 ಸಿಗತ್ತೆ. ಇನ್ನೊಂದು ಹೈಫನ್ ಹೈಫನ್ ಮ್ಯಾಕ್ಸ್ ಹೈಫನ್ ಟೈಮ್ 5, ಇಲ್ಲಾಂದ್ರೆ ಉತ್ತರ ಕೊಡ್ದೇ ಇರೋ ಒಂದು ಪಾಡ್ ಇಡೀ ಪೈಪ್‌ಲೈನ್‌ನ ಹಿಡ್ಕೊಂಡು ನಿಲ್ಲತ್ತೆ. ಒಂದ್ಸಲ ಹ್ಯಾಶ್ ಸರಿ ಬಂತು ಅಂತ ಅಲ್ಲೇ ಪಾಸ್ ಮಾಡ್ಬೇಡಿ, ಮೇಲೆ ಹೇಳಿದ ಇಪ್ಪತ್ತು ಸಲದ ಲೂಪ್ ಇಲ್ಲೂ ಹಾಕಿ, ಇಪ್ಪತ್ತಕ್ಕೆ ಇಪ್ಪತ್ತೂ ಹೊಸ ಹ್ಯಾಶ್ ಬಂದ್ಮೇಲೆ ಮಾತ್ರ ಹಸಿರು ತೋರಿಸ್ಲಿ.